ಕುದುರೆಮುಖವೋ, ನಮ್ಮ ದೇವರಾಯನದುರ್ಗವೋ?

ಅಕ್ಟೋಬರ್‌ನಲ್ಲಿ ಕುದುರೆಮುಖ ಹತ್ತಿ ಬಂದೆ. ಎರಡು ವಾರ ಬಿಟ್ಟು ದೇವರಾಯನದುರ್ಗ. ಎರಡೂ ಕಡೆ ಅದೇ ಬೂಟು, ಅದೇ ದುರ್ಬೀನು. ತುಮಕೂರಿನ ನಮ್ಮಂಥವರಿಗೆ ಎರಡು ದಿನ ರಜೆ ಸಿಕ್ಕಿ, ಬೆಟ್ಟ ಕಾಡು ನೋಡಬೇಕು ಅನ್ನಿಸಿದರೆ ಯಾವ ಕಡೆ ಗಾಡಿ ತಿರುಗಿಸಬೇಕು ಅನ್ನುವುದೇ ಪ್ರಶ್ನೆ.

ದಾರಿಯಲ್ಲಿ ಪೈಪೋಟಿಯೇ ಇಲ್ಲ. ದೇವರಾಯನದುರ್ಗ ಹದಿನೈದು ಕಿಲೋಮೀಟರ್ ಆಸುಪಾಸು. ತಟ್ಟೆ ಇಡ್ಲಿ ತಿಂದು ಹೊರಟರೆ ಅದು ಅರಗುವ ಮೊದಲೇ ಬೆಟ್ಟದ ಬುಡದ ನಾಮದ ಚಿಲುಮೆ ಬರುತ್ತದೆ. ಕುದುರೆಮುಖಕ್ಕೆ ತಿಪಟೂರು, ಅರಸೀಕೆರೆ, ಬೇಲೂರು, ಮೂಡಿಗೆರೆ ದಾಟಬೇಕು. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆಗೆ ನಿಂತು, ಕಳಸದ ರಸ್ತೆ ಹಿಡಿದು ಸಂಸೆ ಸೇರುವಷ್ಟರಲ್ಲಿ ನನ್ನ ಸೊಂಟ ಹಿಡಿದಿತ್ತು. ಚಾರಣ ಶುರುವಾಗುವ ಮುಳ್ಳೋಡಿಗೆ ಮತ್ತೆ ಜೀಪು. ಫೋನಿನಲ್ಲಿ ಹೇಳಿದ ಬಾಡಿಗೆಯೇ ಒಂದು, ಇಳಿದಾಗ ಕೇಳಿದ್ದೇ ಒಂದು. ಮುಂಚೆಯೇ ಬರೆಸಿಕೊಳ್ಳಿ. ಅರಣ್ಯ ಇಲಾಖೆಯ ಅನುಮತಿಯನ್ನೂ ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ದಿನಕ್ಕೆ ಇಂತಿಷ್ಟೇ ಜನ, ಹಾಗಾಗಿ ಶನಿವಾರ, ಭಾನುವಾರ ಬೇಗ ತುಂಬಿಹೋಗುತ್ತದೆ.

ಆದರೆ ಮುಳ್ಳೋಡಿ ದಾಟಿದ ಮೇಲೆ ಈ ಗೊಣಗಾಟ ಎಲ್ಲಾ ಮರೆತುಹೋಗುತ್ತದೆ. ಹಳ್ಳ ದಾಟುತ್ತೀರಿ, ಕಾಡು. ಮೇಲೆ ಬರುತ್ತೀರಿ, ಹುಲ್ಲು. ಮತ್ತೆ ಬೆಟ್ಟದ ಮಡಿಕೆಯೊಳಗೆ ಇಳಿದರೆ ಮತ್ತೆ ಕಾಡು. ಗಾಳಿ ಬಡಿಯುವ ಬೆನ್ನಿನ ಮೇಲೆ ಬರೀ ಹುಲ್ಲು, ನೀರು ಕೂಡುವ ಸಂದಿಯಲ್ಲಿ ಒತ್ತಾದ ಮರ. ಇದೇ ಶೋಲಾ. ಒಳಗೆ ಕಾಲಿಟ್ಟ ಕೂಡಲೇ ಫ್ರಿಜ್ಜಿನ ಬಾಗಿಲು ತೆಗೆದ ಹಾಗೆ ತಂಪು. ಮಳೆ ನಿಂತು ಮೂರು ದಿನವಾಗಿದ್ದರೂ ಬೇರುಗಳ ಸಂದಿಯಿಂದ ನೀರು ಜಿನುಗುತ್ತಲೇ ಇತ್ತು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಈ ರಾಷ್ಟ್ರೀಯ ಉದ್ಯಾನದ ಗಂಗಾಮೂಲದ ಕಡೆ ಹುಟ್ಟುವುದು ಸುಮ್ನೆ ಅಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಶಿರಾಕ್ಕೆ ಯಾವಾಗ ಬರುತ್ತೋ ಅಂತ ನಾವು ಕಾಯುತ್ತೇವಲ್ಲ, ಆ ನೀರಿನ ತವರು ಇಲ್ಲೇ. ಇಂಥ ಬೆಟ್ಟಸಾಲಿನಲ್ಲೇ ಕಬ್ಬಿಣದ ಅದಿರು ತೆಗೆಯುತ್ತಿದ್ದರು. 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾದ ಮೇಲೂ ನಡೆದ ಗಣಿಗಾರಿಕೆ, ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ನಿಂತಿತು.

ಇನ್ನು ಇಂಬಳ, ಅಂದರೆ ಕಾಡಿನ ಜಿಗಣೆ. ಹೊಗೆಸೊಪ್ಪು, ಉಪ್ಪು ಎಲ್ಲಾ ಹಚ್ಚಿಕೊಂಡಿದ್ದೆ. ಒಂದು ಇಂಬಳ ಬೂಟಿನ ತುದಿಯಲ್ಲಿ ಎದ್ದು ನಿಂತು, ಎತ್ತ ಹೋಗಲಿ ಅಂತ ತಲೆ ಆಡಿಸುತ್ತಿತ್ತು. ಅದನ್ನೇ ನೋಡುತ್ತಾ ನಿಂತಿದ್ದಾಗ ಇನ್ನೊಂದು ಆಗಲೇ ಕಾಲುಚೀಲದೊಳಗೆ ಊಟ ಮುಗಿಸಿತ್ತು. ರಕ್ತ ನಿಲ್ಲಲು ಅರ್ಧ ಗಂಟೆ ಬೇಕಾಯಿತು. ನೋವಿಲ್ಲ, ನವೆ ಮಾತ್ರ ವಾರಗಟ್ಟಲೆ.

ತುದಿ 1,892 ಮೀಟರ್. ಹೋಗಿ ಬರಲು ಸುಮಾರು 20 ಕಿಲೋಮೀಟರ್. ಮೇಲೆ ಟೆಂಟ್ ಹಾಕುವಂತಿಲ್ಲ, ಸಂಜೆಯೊಳಗೆ ಇಳಿಯಲೇಬೇಕು. ನಿಯಮ ಸರಿಯಾಗಿಯೇ ಇದೆ. ಅದರಿಂದ ಆಗುವುದೇನೆಂದರೆ, ನಾವು ಕಾಡು ನೋಡುವುದು ಕಮ್ಮಿ, ಕಾಲು ಮತ್ತು ಗಡಿಯಾರ ನೋಡುವುದು ಜಾಸ್ತಿ. ಸಿಳ್ಳಾರ ಹಕ್ಕಿ ಹಳ್ಳದ ಕಡೆಯಿಂದ ರಾಗವಾಗಿ ಸಿಳ್ಳೆ ಹಾಕುತ್ತಿತ್ತು. ಹುಡುಕಲು ನಿಂತರೆ ಗೈಡ್ "ನಡೀರಿ ಸಾರ್, ಮೋಡ ಬರ್ತಿದೆ" ಅಂದರು. ಸಿಂಗಳೀಕವೂ ಕಾಣಲಿಲ್ಲ.

ದೇವರಾಯನದುರ್ಗದಲ್ಲಿ ಕೋತಿ ಬೇಕಾದಷ್ಟು ಸಿಕ್ಕವು! ಒಂದು ನನ್ನ ಕೈಯಿಂದಲೇ ಕಡ್ಲೆಪುರಿ ಪೊಟ್ಟಣ ಕಿತ್ತುಕೊಂಡು ಹೋಯಿತು. ಇಲ್ಲಿ ಶೋಲಾ ಇಲ್ಲ. ಬಂಡೆ, ಕುರುಚಲು, ಲಂಟಾನ, ಎಲೆ ಉದುರುವ ಮರಗಳು. ವಾರದ ಕೊನೆಗೆ ಬೈಕುಗಳ ಗದ್ದಲ ಬೇರೆ, ಪ್ಲಾಸ್ಟಿಕ್ ಬೇರೆ. ನೀರಿನ ವಿಷಯದಲ್ಲಿ ನಾವೂ ತೀರಾ ಬಡವರಲ್ಲ, ಜಯಮಂಗಲಿ ಹುಟ್ಟುವುದು ಇಲ್ಲೇ. ಆದರೂ ನೋಟಕ್ಕೆ ಕುದುರೆಮುಖದ ಮುಂದೆ ಇದು ನಿಲ್ಲುವುದಿಲ್ಲ.

ಆದರೆ ಇಲ್ಲಿ ನನ್ನನ್ನು ಅವಸರ ಮಾಡುವವರು ಯಾರೂ ಇರಲಿಲ್ಲ. ಅಮ್ಮ ಯೋಗ ನರಸಿಂಹಸ್ವಾಮಿ ದರ್ಶನಕ್ಕೆ ಹೋದರು. ನಾನು ದಾರಿ ಪಕ್ಕದ ಬಂಡೆಯ ಮೇಲೆ ಒಂದೂವರೆ ಗಂಟೆ ಕೂತೆ. ಎದುರಿನ ಪೊದೆಯಲ್ಲಿ ಏನೋ ಅಲುಗಿತು. ಹೊರಬಂದದ್ದು ಬೂದು ಮೈ, ಅರಿಶಿನ ಬಳಿದಂಥ ತಲೆ ಮತ್ತು ಕೊರಳು: ಹಳದಿ ಕೊರಳಿನ ಪಿಕಳಾರ. ಒಂದು ಹಣ್ಣು ನುಂಗಿತು, ಕೊಕ್ಕನ್ನು ಬಂಡೆಗೆ ಎರಡು ಸಲ ಉಜ್ಜಿತು, ಹೋಯಿತು. ಇದು ದಕ್ಷಿಣ ಭಾರತದ ಒಣ ಬಂಡೆಗುಡ್ಡಗಳ ಹಕ್ಕಿ. ನಂದಿಬೆಟ್ಟದಲ್ಲಿದೆ, ನಮ್ಮಲ್ಲಿದೆ. ಮಲೆನಾಡಿನ ಆ ಒದ್ದೆ ಕಾಡಿನಲ್ಲಿ ಎಷ್ಟು ಹುಡುಕಿದರೂ ಸಿಗದು.

ದರ್ಶನ ಮುಗಿಸಿ ಬಂದ ಅಮ್ಮ ಕುದುರೆಮುಖದ ಫೋಟೊ ನೋಡಿ, "ಅಷ್ಟು ಎತ್ತರ ಹತ್ತಿ ಮೇಲೆ ಏನೂ ಇಲ್ವಾ?" ಅಂದರು. ಹುಲ್ಲು, ಗಾಳಿ ಅಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ.

ಎರಡೇ ದಿನ ಇದ್ದರೆ, ಜೊತೆಗೆ ವಯಸ್ಸಾದವರೋ ಮಕ್ಕಳೋ ಇದ್ದರೆ, ದೇವರಾಯನದುರ್ಗಕ್ಕೇ ಹೋಗಿ. ಭಾನುವಾರ ಬೇಡ, ವಾರದ ನಡುವೆ ಬೆಳಿಗ್ಗೆ ಏಳರೊಳಗೆ ಸೇರಿಕೊಳ್ಳಿ. ಕುದುರೆಮುಖಕ್ಕೆ ಎರಡು ದಿನದಲ್ಲಿ ಓಡಿಹೋಗಿ ಓಡಿಬಂದದ್ದು ನನ್ನ ತಪ್ಪು. ಮುಂದಿನ ಸಲ ಮೂರು ದಿನ ಇಟ್ಟುಕೊಂಡು, ತುದಿ ಹತ್ತಿದ ಮರುದಿನ ಸಂಸೆಯ ಹಳ್ಳದ ಪಕ್ಕ ಸುಮ್ನೆ ಕೂರುತ್ತೇನೆ. ಆ ಸಿಳ್ಳಾರನ ಮುಖ ನೋಡುವುದು ಬಾಕಿ ಇದೆ.