ಕಪ್ಪೆಯ ಮೇಳ, ಮೊಲದ ಕೆಲಸ: ಎರಡು ಬೊಂಬೆ ಕಾಮಿಡಿಗಳ ಹೋಲಿಕೆ

ಆಟಿ ತಿಂಗಳ ಮಳೆಗೆ ಕಾಸರಗೋಡಿನ ಹತ್ತಿರದ ನೀರ್ಚಾಲಿನ ನಮ್ಮ ತೋಟದಲ್ಲಿ ಕೆಲಸ ಕಡಿಮೆ. ಗಲ್ಫಿನಿಂದ ರಜೆಯಲ್ಲಿ ಬಂದ ಭಾವ ಡಿವಿಡಿಗಳ ಎರಡು ಕಟ್ಟು ತಂದಿದ್ದರು. ಒಂದು 'ದ ಮಪೆಟ್ ಶೋ', ಇನ್ನೊಂದು 'ಗ್ರೆಗ್ ದ ಬನ್ನಿ'. ಎರಡೂ ಬೊಂಬೆಗಳ ಕಾಮಿಡಿ. ಮೂರು ವಾರ, ರಾತ್ರಿ ಊಟ ಮುಗಿಸಿ, ಒಂದು ಕಂತು ಇದು, ಒಂದು ಕಂತು ಅದು ಅಂತ ನೋಡಿದೆವು. ಅಮ್ಮ, ಭಾವ, ಅಣ್ಣನ ಮಗಳು, ಪಕ್ಕದ ಮನೆಯ ಟೀಚರ್, ನಾನು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಟೀಚರ್ ಕಣ್ಣೂರಿನವರು. ಕನ್ನಡ ಅರ್ಥವಾಗುತ್ತದೆ, ಮಾತು ಮಲಯಾಳ.

ಬೊಂಬೆ ನಮಗೆ ಹೊಸತಲ್ಲ. ಕಾಸರಗೋಡಿನ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದ ಆಟ ನೋಡಿದವರು ನಾವು. ಅಲ್ಲಿ ಬೊಂಬೆಯ ಮುಖ ಮರದ್ದು, ಕುಣಿತ ಮೇಲಿನ ಸೂತ್ರದ್ದು. ನಗು ಬರಬೇಕಾದರೆ ಮಾತಿನಿಂದಲೇ ಬರಬೇಕು. ಮಪೆಟ್ ಬೊಂಬೆಗಳಲ್ಲಿ ಇದು ಉಲ್ಟಾ. ಆಡಿಸುವವರು ಕೆಳಗೆ ನಿಂತು ಕೈಯನ್ನು ತಲೆಯ ಮೇಲೆತ್ತಿ ಆಡಿಸುತ್ತಾರೆ. ತಮ್ಮ ಬೊಂಬೆ ಹೇಗೆ ಕಾಣುತ್ತಿದೆ ಅಂತ ಎದುರಿನ ಟಿವಿ ಪರದೆಯಲ್ಲಿ ನೋಡಿಕೊಳ್ಳುತ್ತಾರೆ. ಕರ್ಮಿಟ್ ಕಪ್ಪೆಯ ಮುಖ ಬರೇ ಬಟ್ಟೆ. ಒಳಗಿನ ಬೆರಳು ಸ್ವಲ್ಪ ಮಡಚಿದರೆ ಸಾಕು, ಕಪ್ಪೆಗೆ ಬೇಜಾರಾಯಿತು ಅಂತ ಗೊತ್ತಾಗುತ್ತದೆ. ಮಪೆಟ್‌ಗಳನ್ನು ಹುಟ್ಟುಹಾಕಿದ ಜಿಮ್ ಹೆನ್ಸನ್ 1955ರಲ್ಲಿ ಮೊದಲ ಕರ್ಮಿಟನ್ನು ಮಾಡಿದ್ದು ತನ್ನ ತಾಯಿಯ ಹಳೇ ಕೋಟಿನಿಂದ. ಕಣ್ಣಿಗೆ ಪಿಂಗ್‌ಪಾಂಗ್ ಚೆಂಡು.

'ಮಪೆಟ್ ಶೋ' 1976ರಿಂದ 1981ರ ತನಕ ಬಂತು. ಒಟ್ಟು 120 ಕಂತು. ಒಂದು ಹಳೇ ನಾಟಕ ಮಂದಿರ, ವಾರಕ್ಕೊಬ್ಬ ಮನುಷ್ಯ ಅತಿಥಿ, ಉಳಿದವರೆಲ್ಲ ಬೊಂಬೆಗಳು. ಕರ್ಮಿಟ್ ಮೇಳದ ಯಜಮಾನನ ಹಾಗೆ. ರಂಗಸ್ಥಳದಲ್ಲಿ ನಡೆಯುವುದಕ್ಕಿಂತ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಹಿಂದಿನ ಕೋಣೆಯಲ್ಲಿ, ನಡೆಯುವುದೇ ಜಾಸ್ತಿ ನಗು ತರುತ್ತದೆ. ಯಾರೋ ಬರಲಿಲ್ಲ, ಯಾರೋ ಕೋಪ ಮಾಡಿಕೊಂಡರು, ಹಂದಿಗೆ ತಾನೇ ಹಾಡಬೇಕೆಂಬ ಹಟ. ಯಕ್ಷಗಾನದ ಚೌಕಿಗೆ ಒಮ್ಮೆ ಇಣುಕಿದವರಿಗೆ ಇದನ್ನು ವಿವರಿಸುವುದೇ ಬೇಡ.

ಅಮ್ಮನಿಗೆ ತುಂಬಾ ಹಿಡಿಸಿದ್ದು ಸ್ವೀಡಿಷ್ ಅಡುಗೆಭಟ್ಟ. ಅವನು ಆಡುವುದು ಯಾವ ಭಾಷೆಯೂ ಅಲ್ಲ. ಸ್ವೀಡಿಷ್ ಅಂತ ಹೆಸರು, ಅಷ್ಟೆ. ಹಾಗಾಗಿ ಅವನಿದ್ದಷ್ಟು ಹೊತ್ತು ನಾವೆಲ್ಲ ಸಮಾನ. ಇಂಗ್ಲಿಷ್ ಬಲ್ಲ ಭಾವನಿಗೆ ಅರ್ಥವಾದದ್ದೇ ಅಮ್ಮನಿಗೂ ಅರ್ಥವಾಗುತ್ತಿತ್ತು. ಅವನ ಕೈಗಳು ಮಾತ್ರ ನಿಜವಾದ ಮನುಷ್ಯನ ಕೈ ಅಂತ ಮೊದಲು ಗಮನಿಸಿದ್ದೂ ಅಮ್ಮನೇ. ತಲೆ ಮತ್ತು ಸ್ವರ ಹೆನ್ಸನ್‌ರದ್ದು, ಕೈಗಳು ಇನ್ನೊಬ್ಬ ಬೊಂಬೆಯಾಟಗಾರ ಫ್ರಾಂಕ್ ಆಜ್ ಅವರದ್ದು. ಇಬ್ಬರು ಸೇರಿ ಒಬ್ಬ ಅಡುಗೆಭಟ್ಟ! ಗಾಯಕ ಹ್ಯಾರಿ ಬೆಲಫಾಂಟೆ ಬಂದ ಕಂತಿನಲ್ಲಿ ಆಫ್ರಿಕಾದ ಮುಖವಾಡಗಳ ಹಾಗಿರುವ ಬೊಂಬೆಗಳು ಕುಣಿಯುತ್ತವೆ. ಅಮ್ಮ ಹಪ್ಪಳ ತಿನ್ನುವುದನ್ನು ನಿಲ್ಲಿಸಿ, "ಭೂತದ ಮೊಗದ ಹಾಗೇ ಇದೆ" ಅಂದರು. ಆಮೇಲೆ ಹಾಡು ಮುಗಿಯುವ ತನಕ ಯಾರೂ ಮಾತಾಡಲಿಲ್ಲ.

ಕೊರತೆಯೂ ಇದೆ. ಫಾಜಿ ಕರಡಿಯ ಜೋಕುಗಳೆಲ್ಲ ಇಂಗ್ಲಿಷ್ ಶಬ್ದಗಳ ಆಟ. ಭಾವ ಕನ್ನಡದಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ನಗು ಹೋಗಿರುತ್ತಿತ್ತು. ಅತಿಥಿಗಳಲ್ಲಿ ಹೆಚ್ಚಿನವರು ನಮಗೆ ಯಾರೆಂದೇ ತಿಳಿಯದು.

'ಗ್ರೆಗ್ ದ ಬನ್ನಿ' ಬೇರೆಯೇ ದಾರಿ. 2002ರಲ್ಲಿ ಅಮೆರಿಕದ ಫಾಕ್ಸ್ ಚಾನೆಲಿನಲ್ಲಿ ಬಂತು, 13 ಕಂತು ಮಾಡುವಷ್ಟರಲ್ಲಿ ನಿಂತಿತು. ಇದರಲ್ಲಿ ಬೊಂಬೆಗಳು ಮನುಷ್ಯರ ನಡುವೆ ಬದುಕುತ್ತವೆ. ಬಾಡಿಗೆ ಕೊಡುತ್ತವೆ, ಕೆಲಸ ಹುಡುಕುತ್ತವೆ. ಗ್ರೆಗ್ ಎಂಬ ಮೊಲಕ್ಕೆ ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ಪಾತ್ರ ಸಿಗುತ್ತದೆ, ಅಲ್ಲಿದ್ದ ಹಳೇ ಮೊಲದ ಜಾಗಕ್ಕೆ. ನಾಟಕದ ದೊಡ್ಡ ನಟ ಅಂತ ತನ್ನನ್ನು ನಂಬಿಕೊಂಡ, ಕುಡಿತ ಬಿಡಲಾಗದ ವಾರನ್ ಎಂಬ ವಾನರ ಇದೆ. ಅದರ ಸಿಟ್ಟು ಮತ್ತು ದುಃಖ ಎರಡೂ ನನಗೆ ನಿಜ ಅನಿಸಿತು. ಇದು ಮಕ್ಕಳಿಗಲ್ಲ. ಎರಡನೇ ರಾತ್ರಿಯಿಂದ ಇದನ್ನು ಹಾಕುವ ಮೊದಲು ಅಣ್ಣನ ಮಗಳನ್ನು ಮಲಗಲು ಕಳಿಸಿದೆವು. ಅಮ್ಮ ಮೂರನೇ ಕಂತಿಗೆ ಎದ್ದು ಹೋದರು. "ಬೊಂಬೆ ಸುಮ್ನೆ ಕೂತು ಮಾತಾಡ್ತದೆ" ಅಂತ ಅವರ ದೂರು. ಸರಿಯಾದ ದೂರೇ ಅದು. ಇಲ್ಲಿ ಬೊಂಬೆಗಳನ್ನು ಸೋಫಾದ ಹಿಂದೆ, ಮೇಜಿನ ಹಿಂದೆ, ಹೆಚ್ಚಾಗಿ ಸೊಂಟದಿಂದ ಮೇಲೆ ತೋರಿಸುತ್ತಾರೆ. ಕೈಚಳಕದಲ್ಲಿ ಮಪೆಟ್ ಎಲ್ಲೋ, ಇದು ಎಲ್ಲೋ. ಮನುಷ್ಯರ ಪ್ರೀತಿ ಪ್ರೇಮಕ್ಕೂ ಜಾಗ ಜಾಸ್ತಿ ಕೊಟ್ಟರು.

ಆದರೂ ಈ ಮೊಲವನ್ನು ಬಿಡಲು ನನಗೆ ಮನಸ್ಸಿಲ್ಲ. ಬೊಂಬೆಗಳನ್ನು ಹೀಯಾಳಿಸಲು ಅದರಲ್ಲಿ ಒಂದು ಶಬ್ದ ಇದೆ, 'ಸಾಕ್' ಅಂತ. ಕಾಲುಚೀಲ. ಮನುಷ್ಯರು ನಗುತ್ತಲೇ ಹೇಳುತ್ತಾರೆ, ಬೊಂಬೆಗಳು ಒಂದು ಕ್ಷಣ ಸುಮ್ಮನಾಗುತ್ತವೆ. ಎಣಿಕೆಯಲ್ಲಿ ಕಡಿಮೆ ಇರುವವರು ನಗಬೇಕೋ ಬೇಡವೋ ಅಂತ ಯೋಚಿಸುವ ಆ ಕ್ಷಣ ನನಗೆ ಗೊತ್ತು. 1956ರಲ್ಲಿ ಈ ನೆಲ ಕೇರಳಕ್ಕೆ ಸೇರಿದಾಗ ನಾನು ಹುಟ್ಟಿರಲಿಲ್ಲ. ಆದರೆ ಕನ್ನಡದಲ್ಲಿ ಅರ್ಜಿ ಬರೆದುಕೊಂಡು ಹೋಗಿ, ಕೌಂಟರಿನ ಆಚೆ ಒಂದು ನಗು ಕೇಳಿ, ನಾನೂ ನಕ್ಕು ಹೊರಗೆ ಬಂದದ್ದುಂಟು. ಆ ಕಂತು ಮುಗಿದ ಮೇಲೆ ಟೀಚರ್ ನನ್ನ ಕಡೆ ತಿರುಗಿ, "ನಿಮಗೂ ಇಲ್ಲಿ ಹಾಗೆ ಅನಿಸಿದ್ದುಂಟಾ?" ಅಂತ ಕೇಳಿದರು. ಕನ್ನಡದಲ್ಲೇ ಕೇಳಿದರು. ನಾನು ಹೌದು ಅಂದೆ. ಹತ್ತು ವರ್ಷದ ನೆರೆಹೊರೆಯಲ್ಲಿ ನಾವು ಈ ಮಾತು ಆಡಿದ್ದು ಅದೇ ಮೊದಲು. 'ಮಪೆಟ್ ಶೋ' ನಮ್ಮನ್ನು ಅಷ್ಟು ನಗಿಸಿದರೂ ಇಂಥ ಮಾತು ಹೊರಡಿಸಲಿಲ್ಲ.

ಭಾವ ನಡುವೆ ಮೊಬೈಲಿನಲ್ಲಿ 'ಗುಸ್ತಾಖಿ ಮಾಫ್' ತುಣುಕುಗಳನ್ನೂ ತೋರಿಸಿದರು. ಎನ್‌ಡಿಟಿವಿ ಇಂಡಿಯಾದಲ್ಲಿ ಬರುತ್ತಿದ್ದ ರಾಜಕಾರಣಿಗಳ ಬೊಂಬೆಗಳು. ಮುಖಗಳು ಚೆನ್ನಾಗಿವೆ. ಆದರೆ ಆ ದಿನದ ಸುದ್ದಿ ನೆನಪಿಲ್ಲದಿದ್ದರೆ ನಗು ಬರುವುದಿಲ್ಲ. 'ಗಲ್ಲಿ ಗಲ್ಲಿ ಸಿಮ್ ಸಿಮ್' ಪುಟ್ಟ ಮಕ್ಕಳದ್ದು, ಅದನ್ನು ಈ ಸಾಲಿಗೆ ಸೇರಿಸುವುದು ನ್ಯಾಯವಲ್ಲ.

ಮನೆಯವರೆಲ್ಲ ಒಟ್ಟಿಗೆ ಕೂತು ನೋಡುವುದಾದರೆ 'ಮಪೆಟ್ ಶೋ' ಹಾಕಿ, ಅನುಮಾನವೇ ಬೇಡ. ಅಡುಗೆಭಟ್ಟನಿಂದ ಶುರು ಮಾಡಿ, ಇಂಗ್ಲಿಷ್ ಬಾರದ ಹಿರಿಯರೂ ಜೊತೆಗೆ ಕೂರುತ್ತಾರೆ. ಮಕ್ಕಳು ಮಲಗಿದ ಮೇಲೆ ಒಬ್ಬರೋ ಇಬ್ಬರೋ ಉಳಿದರೆ ಮೊಲದ ಕಡೆ ಹೋಗಿ. ಮೊದಲ ಕಂತುಗಳು ಸಪ್ಪೆ ಅನಿಸಿದರೂ ಬಿಡಬೇಡಿ. ಭಾವ ಹೊರಡುವಾಗ ಎರಡನ್ನೂ ಇಲ್ಲೇ ಬಿಟ್ಟು ಹೋದರು. ಮೊಲದ ಕಟ್ಟು ಈಗ ಟೀಚರ ಮನೆಯಲ್ಲಿದೆ, ಅವರ ತಂಗಿಗೂ ನೋಡಬೇಕಂತೆ.