ಥಾರ್ ಮರುಭೂಮಿಯಲ್ಲಿ ಮೂರು ರಾತ್ರಿ: ಒಂದಕ್ಕೆ ಒಂದು ಸ್ಟಾರ್, ಎರಡಕ್ಕೆ ನಾಲ್ಕೂವರೆ

ಜೈಸಲ್ಮೇರ್ ಹತ್ತಿರದ ಡೆಸರ್ಟ್ ನ್ಯಾಷನಲ್ ಪಾರ್ಕ್‌ಗೆ ಜನವರಿ ಕೊನೆಯಲ್ಲಿ ನಾನೂ ನಮ್ಮ ಯಜಮಾನರೂ ಹೋಗಿ ಬಂದೆವು. ಮೂರು ರಾತ್ರಿ ಟೆಂಟಿನಲ್ಲಿ ಮಲಗಿದೆವು. ಮೊದಲ ರಾತ್ರಿ ಬೆಂಗಳೂರಿನ ಒಬ್ಬ ಟ್ರಿಪ್ ಏಜೆಂಟ್ ಗೊತ್ತು ಮಾಡಿದ ಕ್ಯಾಂಪು. ಅದಕ್ಕೆ ಒಂದು ಸ್ಟಾರ್, ಅದೂ ಬೆಳಗಿನ ಟೀ ಚೆನ್ನಾಗಿತ್ತು ಅಂತ. ಉಳಿದೆರಡು ರಾತ್ರಿ ಒಂದು ಹಳ್ಳಿಯಲ್ಲಿ ಗೈಡ್ ಮನೆಯ ಹಿಂದೆ ನಮ್ಮದೇ ಟೆಂಟು ಹಾಕಿಕೊಂಡೆವು. ಅದಕ್ಕೆ ನಾಲ್ಕೂವರೆ. ಏಜೆಂಟ್ ಹೆಸರು ಹಾಕುವುದಿಲ್ಲ, ಅರ್ಧ ದುಡ್ಡು ಇನ್ನೂ ವಾಪಸ್ ಬರಬೇಕು, ಜಗಳ ನಡೀತಾ ಇದೆ. ಗೈಡ್ ನಂಬರೂ ಹಾಕುವುದಿಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅಷ್ಟು ದೂರ ಯಾಕೆ ಹೋದಿರಿ ಅಂತ ಎಲ್ಲರೂ ಕೇಳಿದರು. ನಮ್ಮ ಯಜಮಾನರದು ಬಳ್ಳಾರಿ ಜಿಲ್ಲೆ, ಸಿರುಗುಪ್ಪ ಕಡೆಯ ಹಳ್ಳಿ. ಅವರ ಅಜ್ಜಿ ಎರ್ಲಡ್ಡು ಅಂತ ಒಂದು ಹಕ್ಕಿಯ ಕತೆ ಹೇಳುತ್ತಲೇ ಇರುತ್ತಾರೆ. ಎರೆ ಹೊಲದಲ್ಲಿ ಜೋಳದ ನಡುವೆ ಮನುಷ್ಯರ ಹಾಗೆ ತಲೆ ಎತ್ತಿಕೊಂಡು ನಿಲ್ಲುತ್ತಿತ್ತಂತೆ. ಎರೆಭೂತ ಅಂತಲೂ ಕರೆಯುತ್ತಾರೆ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಂತ ಪೇಪರಿನಲ್ಲಿ ಓದಿರುತ್ತೀರಲ್ಲ, ಅದೇ. ಈಗ ಸಿರುಗುಪ್ಪದಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ, ನಮ್ಮ ಯಜಮಾನರು ಹುಟ್ಟಿ ಬೆಳೆದ ಊರಿನಲ್ಲೇ ಒಂದನ್ನೂ ಕಂಡಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲೂ ಒಂದು ಕಾಲಕ್ಕೆ ಇತ್ತು. ಅಲ್ಲಿ ಹುಲ್ಲುಗಾವಲಿಗೆ ನೀಲಗಿರಿ ನೆಟ್ಟು ಪುಣ್ಯ ಕಟ್ಟಿಕೊಂಡರು. ಇಡೀ ದೇಶದಲ್ಲಿ ಉಳಿದಿರುವುದು 150ಕ್ಕಿಂತ ಕಡಿಮೆ, ಅದರಲ್ಲಿ ಜಾಸ್ತಿ ಇರುವುದು ಜೈಸಲ್ಮೇರ್ ಕಡೆ. ಹಾಗಾಗಿ ಮದುವೆಯಾಗಿ ಐದು ವರ್ಷ ಆದಾಗ ಗೋವಾ ಬಿಟ್ಟು ಇಲ್ಲಿಗೆ ಹೊರಟೆವು.

ಮೊದಲ ರಾತ್ರಿ ಬೇಗ ಮುಗಿಸಿಬಿಡುತ್ತೇನೆ. ಏಜೆಂಟ್ ಹೇಳಿದ್ದು ‘ವೈಲ್ಡ್‌ಲೈಫ್ ಕ್ಯಾಂಪಿಂಗ್’. ಕರೆದುಕೊಂಡು ಹೋಗಿದ್ದು ಜೈಸಲ್ಮೇರಿನಿಂದ 40 ಕಿಲೋಮೀಟರ್ ದೂರದ ಸಮ್ ಮರಳು ದಿಬ್ಬಗಳ ಪಕ್ಕದ ಒಂದು ದೊಡ್ಡ ಕ್ಯಾಂಪಿಗೆ. ಸಾಲಾಗಿ ಬಿಳಿ ಟೆಂಟುಗಳು, ನಡುವೆ ಸ್ಟೇಜು. ಕಾಲ್ಬೇಲಿಯಾ ಕುಣಿತ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಅದು ಮುಗಿದ ಮೇಲೆ ಡಿಜೆ ಶುರುವಾಯಿತು ನೋಡಿ, ನಮ್ಮ ಬೀದಿಯ ಗಣೇಶನ ಪೆಂಡಾಲೇ ವಾಸಿ. ರಾತ್ರಿ ಹನ್ನೊಂದಾದರೂ ನಿಲ್ಲಲಿಲ್ಲ. ನಾವು ಕಂಡ ವೈಲ್ಡ್‌ಲೈಫ್ ಅಂದರೆ ಟೆಂಟಿನೊಳಗೆ ಬಂದು ಮಲಗಿದ ಒಂದು ನಾಯಿ. ಬೆಳಿಗ್ಗೆ ಜೀಪಿನವನು ದೂರದಲ್ಲಿ ಚಿಂಕಾರ ಅನ್ನುವ ಸಣ್ಣ ಹುಲ್ಲೆ ಕಂಡಿದ್ದೇ ತಡ, ದಾರಿ ಬಿಟ್ಟು ಅದರ ಹಿಂದೆ ಗಾಡಿ ಓಡಿಸಿದ. ನಿಲ್ಸಪ್ಪಾ ಅಂದರೆ, ‘ಫೋಟೋ ಅಚ್ಛಾ ಆಯೇಗಾ ಮೇಡಂ’ ಅನ್ನುತ್ತಾನೆ. ಅಲ್ಲೇ ಇಳಿದು ನಡೆದುಕೊಂಡು ರಸ್ತೆಗೆ ಬಂದೆವು. ಉಳಿದ ಪ್ಯಾಕೇಜು ಕ್ಯಾನ್ಸಲ್ ಮಾಡಿ ಅಂತ ಫೋನಿನಲ್ಲೇ ಹೇಳಿದೆ.

ಹಕ್ಕಿ ನೋಡುವ ಗೆಳತಿಯೊಬ್ಬಳು ಹಿಂದೆಯೇ ಒಂದು ನಂಬರ್ ಕೊಟ್ಟಿದ್ದಳು. ಫೋನ್ ಮಾಡಿದರೆ ಆ ಕಡೆಯವರು ಮೊದಲು ಕೇಳಿದ್ದು ದುಡ್ಡಿನ ಮಾತಲ್ಲ, ‘ಬೆಳಿಗ್ಗೆ ಬೇಗ ಏಳುತ್ತೀರಾ, ನಡೆಯುತ್ತೀರಾ’ ಅಂತ. ಸಂಜೆಯೇ ಬಂದು ಕರೆದುಕೊಂಡು ಹೋದರು. ಇಬ್ಬರಿಗೆ ಎರಡು ರಾತ್ರಿ, ಊಟ, ಗೈಡು, ಜೀಪು ಎಲ್ಲಾ ಸೇರಿ 13,000. ಫಾರೆಸ್ಟಿನವರ ಪರ್ಮಿಟ್ ದುಡ್ಡು ಬೇರೆ. ಪರ್ಮಿಟ್ಟು ಜೈಸಲ್ಮೇರಿನಲ್ಲೇ ಮಾಡಿಸಿಕೊಂಡು ಬರಬೇಕು, ಐಡಿ ಕಾರ್ಡ್ ಜೊತೆಗಿರಲಿ, ಪಾಕಿಸ್ತಾನದ ಗಡಿ ಹತ್ತಿರ ಇರುವ ಜಾಗ.

ಪಾರ್ಕ್ ಅಂದರೆ ಬಂಡೀಪುರದ ತರಹ ಗೇಟು, ಬಸ್ಸು ಅಂತ ಅಂದುಕೊಳ್ಳಬೇಡಿ. 1980ರಲ್ಲಿ ಆಗಿದ್ದು, 3,162 ಚದರ ಕಿಲೋಮೀಟರ್, ಜೈಸಲ್ಮೇರ್ ಮತ್ತು ಬಾರ್ಮೇರ್ ಎರಡು ಜಿಲ್ಲೆಗೂ ಹರಡಿದೆ. ಒಳಗೇ ಹಳ್ಳಿಗಳು, ಹೊಲಗಳು, ಕುರಿ ಮಂದೆಗಳು ಇವೆ. ಸುದಾಸರಿ ಅನ್ನುವ ಕಡೆ ಹಕ್ಕಿಗಳಿಗೋಸ್ಕರ ಬೇಲಿ ಹಾಕಿದ ಜಾಗ ಇದೆ, ಅಲ್ಲಿಯವರು ಅದನ್ನು ಕ್ಲೋಷರ್ ಅನ್ನುತ್ತಾರೆ. ಅದರೊಳಗೆ ನಮಗೆ ಬೇಕಾದ ಹಾಗೆ ತಿರುಗುವ ಹಾಗಿಲ್ಲ, ಟೆಂಟಂತೂ ಇಲ್ಲವೇ ಇಲ್ಲ. ನಮ್ಮ ಟೆಂಟು ಇದ್ದಿದ್ದು ಹೊರಗಿನ ಹಳ್ಳಿಯಲ್ಲಿ. ಇನ್ನೊಂದು ಮಾತು, ಮರುಭೂಮಿ ಅಂದರೆ ಬರೀ ಮರಳು ದಿಬ್ಬ ಅಂತ ನಾನೂ ಅಂದುಕೊಂಡಿದ್ದೆ. ಕಣ್ಣು ಹಾಯಿಸಿದಷ್ಟೂ ಇದ್ದಿದ್ದು ಒಣ ಹುಲ್ಲು, ಕಲ್ಲು ನೆಲ, ಎಕ್ಕದ ಗಿಡ. ಅದೇ ನಮ್ಮ ಆಂಜನೇಯನಿಗೆ ಹಾರ ಮಾಡುವ ಎಕ್ಕ! ಅಲ್ಲಿ ಖೇಜಡಿ ಅನ್ನುವ ಮರ ನಮ್ಮ ಬನ್ನಿ ಮರವೇ. ನಮ್ಮ ಯಜಮಾನರು ಒಂದು ಎಲೆ ಕಿತ್ತು ನನ್ನ ಕೈಗೆ ಕೊಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅಂದರು. ದಸರಾ ಮುಗಿದು ಮೂರು ತಿಂಗಳಾಗಿತ್ತು.

ನಡಿಗೆಯ ಬಗ್ಗೆ ಹೇಳಬೇಕು, ಯಾಕೆಂದರೆ ಈ ಟ್ರಿಪ್ಪಿನಲ್ಲಿ ದುಡ್ಡಿಗೆ ತಕ್ಕ ಮಾಲು ಅದೇ. ಮೊದಲ ದಿನ ಸುಮಾರು ಒಂಬತ್ತು ಕಿಲೋಮೀಟರ್ ನಡೆದೆವು. ಗೈಡ್ ಭಾಯಿ ಚಿಕ್ಕಂದಿನಿಂದ ಕುರಿ ಕಾದವರು. ಪುಸ್ತಕದ ಹೆಸರುಗಳನ್ನು ಆಮೇಲೆ ಕಲಿತಿದ್ದಾರೆ, ನೋಡುವುದನ್ನು ಮೊದಲೇ ಕಲಿತಿದ್ದರು. ಮರಳಿನ ಮೇಲಿನ ಗುರುತು ನೋಡಿ ಇದು ನರಿ, ಇದು ಮುಳ್ಳುಹಂದಿ, ಇದು ರಾತ್ರಿ ಮೂರು ಗಂಟೆ ಮೇಲೆ ಹೋದ ಜೆರ್ಬಿಲ್ ಇಲಿ ಅನ್ನುತ್ತಿದ್ದರು. ಮೂರು ಗಂಟೆ ಅಂತ ಹೇಗೆ ಗೊತ್ತು ಅಂದರೆ, ಗಾಳಿ ನಿಂತಿದ್ದು ಆವಾಗ, ಅದಕ್ಕಿಂತ ಮೊದಲಿನ ಗುರುತೆಲ್ಲ ಅಳಿಸಿಹೋಗಿದೆ ಅಂದರು. ನಾನು ರಾತ್ರಿಯೆಲ್ಲ ಟೆಂಟು ಪಟಪಟ ಅನ್ನುವುದನ್ನು ಕೇಳಿಕೊಂಡೇ ಇದ್ದೆ, ಅದು ನಿಂತಿದ್ದು ಯಾವಾಗ ಅಂತ ನನಗೆ ಹೊಳೆದೇ ಇರಲಿಲ್ಲ.

ನರಿ ಒಂದು ಬಿಲದ ಬಾಯಲ್ಲೇ ಬಿಸಿಲು ಕಾಯಿಸುತ್ತಾ ಕೂತಿತ್ತು. ಬಾಲದ ತುದಿ ಬಿಳಿ ಇದ್ದರೆ ಮರುಭೂಮಿಯ ನರಿ, ಕಪ್ಪಿದ್ದರೆ ನಮ್ಮ ಬಯಲುಸೀಮೆಯ ಗುಳ್ಳೆನರಿ. ನಮಗೆ ಕಂಡಿದ್ದು ಬಿಳಿ. ಸಾಂಡಾ ಅನ್ನುವ ಮುಳ್ಳುಬಾಲದ ಹಲ್ಲಿ ನೋಡಬೇಕು ಅಂತ ಆಸೆ ಇತ್ತು. ಚಳಿಗಾಲದಲ್ಲಿ ಅದು ಬಿಲದ ಬಾಯಿಗೆ ಮಣ್ಣು ಮುಚ್ಚಿಕೊಂಡು ಒಳಗೆ ಮಲಗಿಬಿಡುತ್ತೆ, ಮುಚ್ಚಿದ ಬಾಗಿಲು ಮಾತ್ರ ನೋಡಿಕೊಂಡು ಬಂದೆವು. ರಣಹದ್ದುಗಳು ಸತ್ತ ಹಸುವಿನ ಸುತ್ತ ಇಪ್ಪತ್ತಕ್ಕೂ ಜಾಸ್ತಿ ಇದ್ದವು, ಮೂರು ಜಾತಿಯವು. ನಮ್ಮ ರಾಮನಗರದಲ್ಲಿ ಒಂದು ರಣಹದ್ದು ಕಂಡರೆ ಸುದ್ದಿ ಅಲ್ವಾ! ಚಿಂಕಾರ ಬೇಕಾದಷ್ಟು. ಚಿಂಕಾರಕ್ಕೋಸ್ಕರ ಮಾತ್ರ ಯಾರೂ ಇಷ್ಟು ದೂರ ಬರಬೇಕಿಲ್ಲ ಬಿಡಿ, ಶಿರಾ ಹತ್ತಿರ ಬುಕ್ಕಾಪಟ್ಟಣದಲ್ಲೇ ಇವೆ. ಬೆಂಗಳೂರಿನವರು ನಮಗೇ ಗೊತ್ತಿರಲಿಲ್ಲ ಅಷ್ಟೇ.

ಇನ್ನು ಎರ್ಲಡ್ಡು. ಮೊದಲ ದಿನ ಇಲ್ಲ. ಮಧ್ಯಾಹ್ನ ಇಲ್ಲ, ಸಂಜೆ ಇಲ್ಲ. ಎರಡನೇ ದಿನ ಆರು ಗಂಟೆಗೇ ಹೊರಟೆವು. ಆ ಕಡೆ ಜನವರಿಯಲ್ಲಿ ಸೂರ್ಯ ಹುಟ್ಟುವುದು ಏಳೂವರೆ ಹೊತ್ತಿಗೆ, ಆರು ಗಂಟೆಗೆ ನಡುರಾತ್ರಿಯ ಹಾಗಿತ್ತು. ಕ್ಲೋಷರ್ ಹತ್ತಿರ ಜೀಪು ನಿಲ್ಲಿಸಿ ಸುಮ್ನೆ ಕೂತೆವು. ಎಂಟೂ ಕಾಲಿಗೆ ಭಾಯಿ ಮಾತಾಡದೆ ಗಲ್ಲ ಎತ್ತಿ ತೋರಿಸಿದರು. ಸೇವಣ್ ಹುಲ್ಲಿನ ಮೇಲೆ ಒಂದು ಬಿಳಿ ಗೂಟ. ನಾನು ಗೂಟವೇ ಅಂದುಕೊಂಡೆ. ಗೂಟ ಎರಡು ಹೆಜ್ಜೆ ನಡೆಯಿತು. ಬೈನಾಕ್ಯುಲರ್‌ನಲ್ಲಿ ನೋಡಿದರೆ ತಲೆಯ ಮೇಲೆ ಕಪ್ಪು ಟೋಪಿ, ಬಿಳಿ ಕುತ್ತಿಗೆ, ಎದೆಗೆ ಕಪ್ಪು ಪಟ್ಟಿ. ಗಂಡು. ಎತ್ತರ ಸುಮಾರು ಒಂದು ಮೀಟರ್, ತೂಕ 15 ಕೆಜಿವರೆಗೂ ಬೆಳೆಯುತ್ತೆ. ನಡೆಯುವ ಠೀವಿ ನೋಡಬೇಕು, ಒಂದೊಂದು ಹೆಜ್ಜೆಗೂ ನಿಂತು ಈ ಹೊಲ ನಂದು ಅನ್ನುವ ಹಾಗೆ ಸುತ್ತ ನೋಡುತ್ತಿತ್ತು. ಇಪ್ಪತ್ತು ನಿಮಿಷ ಇದ್ದಿರಬಹುದು. ಹಿಂದೆ ಇನ್ನೊಂದು ಇತ್ತು, ಚಿಕ್ಕದು, ಹುಲ್ಲಿನೊಳಗೆ ಕಂಡೂ ಕಾಣದ ಹಾಗೆ. ನಮ್ಮ ಯಜಮಾನರು ಫೋಟೋ ತೆಗೆಯುವುದೇ ಮರೆತರು. ಆಮೇಲೆ ತೆಗೆದಿದ್ದರಲ್ಲಿ ಬಿಸಿಲಿನ ಅಲೆಗೆ ಎಲ್ಲಾ ಕಲಸಿಹೋಗಿದೆ, ಅಜ್ಜಿಗೆ ಕಳಿಸಿದರೆ ‘ಇದು ಕೊಕ್ಕರೆ ಕಂಡಂಗ ಕಾಣ್ತತಿ, ನೀವು ಯಾರ ಕೈಲಿ ಮೋಸ ಹೋದ್ರಿ’ ಅಂದರು.

ಪಕ್ಷಿತಜ್ಞ ಸಲೀಂ ಅಲಿಯವರು ಇದನ್ನೇ ರಾಷ್ಟ್ರಪಕ್ಷಿ ಮಾಡಿ ಅಂದಿದ್ದರು, 1963ರಲ್ಲಿ ನವಿಲು ಆಯಿತು. ರಾಜಸ್ಥಾನದವರು 1981ರಲ್ಲಿ ತಮ್ಮ ರಾಜ್ಯಪಕ್ಷಿ ಮಾಡಿಕೊಂಡರು, ಗೋಡಾವಣ್ ಅನ್ನುತ್ತಾರೆ. ಭಾಯಿ ಇದನ್ನೆಲ್ಲ ಹೇಳುತ್ತಾ ಹಕ್ಕಿಯ ಹಿಂದೆ ಬೆರಳು ತೋರಿಸಿದರು. ಅಲ್ಲಿ ಕರೆಂಟಿನ ತಂತಿ. ಈ ಹಕ್ಕಿಯ ಕಣ್ಣು ತಲೆಯ ಎರಡು ಪಕ್ಕಕ್ಕಿದೆ, ನೇರ ಎದುರಿಗಿರುವುದು ಸರಿಯಾಗಿ ಕಾಣುವುದಿಲ್ಲ. ಮೈ ಭಾರ, ತಂತಿ ಹತ್ತಿರ ಬಂದ ಮೇಲೆ ತಿರುಗಿಸಿಕೊಳ್ಳಲು ಆಗುವುದಿಲ್ಲ. ವರ್ಷಕ್ಕೆ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಲೆಕ್ಕ ನೀವೇ ಹಾಕಿಕೊಳ್ಳಿ. 2021ರಲ್ಲಿ ಸುಪ್ರೀಂ ಕೋರ್ಟು ತಂತಿಗಳನ್ನು ನೆಲದೊಳಗೆ ಹಾಕಿ ಅಂದಿತ್ತು, 2024ರಲ್ಲಿ ಆ ಆದೇಶವನ್ನು ಸಡಿಲ ಮಾಡಿತು. ಸಮ್ ಹತ್ತಿರ 2019ರಿಂದ ಮೊಟ್ಟೆ ತಂದು ಮರಿ ಮಾಡಿಸುವ ಕೇಂದ್ರ ನಡೆಯುತ್ತಿದೆ. ಅದರೊಳಗೆ ನಮ್ಮಂಥವರನ್ನು ಬಿಡುವುದಿಲ್ಲ, ಬಿಡಲೂಬಾರದು. ರಾತ್ರಿ ಟೆಂಟಿನಿಂದ ನೋಡಿದರೆ ಮೇಲೆ ನಕ್ಷತ್ರ, ಕೆಳಗೆ ಅಂಚಿಗೆ ಗಾಳಿಯಂತ್ರಗಳ ಕೆಂಪು ದೀಪ, ಎಲ್ಲಾ ಒಟ್ಟಿಗೆ ಮಿಣಮಿಣ ಅನ್ನುತ್ತಿದ್ದವು. ನಮ್ಮ ಚಿತ್ರದುರ್ಗದ ಗುಡ್ಡದ ಹಾಗೇ. ಬೈಯೋಣ ಅಂದರೆ ನಮ್ಮ ಫೋನು ಚಾರ್ಜ್ ಆಗುವುದೂ ಆ ಕರೆಂಟಿನಲ್ಲೇ.

ಊಟಕ್ಕೆ ಪೂರ್ತಿ ಅಂಕ. ಸಜ್ಜೆ ರೊಟ್ಟಿ, ಮೇಲೆ ತುಪ್ಪ, ಪಕ್ಕದಲ್ಲಿ ಬೆಲ್ಲ, ಕೆಂಪು ಬೆಳ್ಳುಳ್ಳಿ ಚಟ್ನಿ, ಕೇರ್-ಸಾಂಗ್ರಿ ಪಲ್ಯ. ಸಾಂಗ್ರಿ ಅಂದರೆ ಆ ಬನ್ನಿ ಮರದ್ದೇ ಕಾಯಿ. ಬನ್ನಿ ಕಾಯಿ ತಿನ್ನಬಹುದು ಅಂತ ನಮ್ಮಲ್ಲಿ ಯಾರೂ ಹೇಳಿಕೊಟ್ಟಿಲ್ಲ. ನಮ್ಮ ಯಜಮಾನರು ಐದು ರೊಟ್ಟಿ ಮುಗಿಸಿದರು. ಭಾಯಿ ಅವರ ತಾಯಿ ಇನ್ನೊಂದು ಹಾಕಲು ಬಂದಾಗ ‘ಬಸ್ ಮಾಜಿ, ಸಾಕ್ರೀ’ ಅಂತ ಕನ್ನಡದಲ್ಲೇ ಕೈ ಅಡ್ಡ ಹಿಡಿದರು. ಅವರಿಗೆ ಅರ್ಥವಾಯಿತು, ಆದರೂ ಹಾಕಿದರು.

ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಟಾಯ್ಲೆಟ್ಟಿಗೆ. ತಗಡಿನ ಗೂಡು, ಬಕೆಟ್ ನೀರು, ಚಿಲಕ ಇಲ್ಲ, ಒಳಗಿನಿಂದ ದಾರ ಹಿಡಿದುಕೊಳ್ಳಬೇಕು. ಸ್ವಚ್ಛವಾಗಿತ್ತು, ಆದರೆ ರಾತ್ರಿ ಎರಡು ಗಂಟೆಗೆ ನೂರು ಹೆಜ್ಜೆ ನಡೆಯುವಾಗ ನನಗೆ ಇಷ್ಟವಾಗಲಿಲ್ಲ. ಹೆಂಗಸರು ಹೋಗುವುದಾದರೆ ಇದನ್ನು ಮೊದಲೇ ಕೇಳಿಕೊಳ್ಳಿ.

ಸಾಮಾನಿನ ಬಗ್ಗೆಯೂ ಬರೆಯಬೇಕು. ಟೆಂಟು, ಸ್ಲೀಪಿಂಗ್ ಬ್ಯಾಗು ಎರಡೂ ಜಯನಗರ ಕಡೆಯ ಒಂದು ಅಂಗಡಿಯಿಂದ ಬಾಡಿಗೆಗೆ ತಂದಿದ್ದು. ಟೆಂಟಿಗೆ ತೊಂದರೆ ಇಲ್ಲ, ಆದರೆ ಮಾಮೂಲಿ ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ. ಭಾಯಿ ನಾಲ್ಕು ಪ್ಲಾಸ್ಟಿಕ್ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಹೂತು ಹಾಕಿದರು. ಆಮೇಲೆ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸ್ಲೀಪಿಂಗ್ ಬ್ಯಾಗಿನಲ್ಲಿ ಮೋಸ ಹೋದೆವು. ಅಂಗಡಿಯವನು ‘ಝೀರೋ ಡಿಗ್ರಿ ಮೇಡಂ’ ಅಂದ. ಚೀಟಿಯಲ್ಲಿ ಎರಡು ಸಂಖ್ಯೆ ಇರುತ್ತವೆ, ಕಂಫರ್ಟ್ ಮತ್ತು ಲಿಮಿಟ್. ಅವನು ಹೇಳಿದ್ದು ಲಿಮಿಟ್, ಅಂದರೆ ಮುದುರಿಕೊಂಡು ಹೇಗೋ ರಾತ್ರಿ ತಳ್ಳಬಹುದಾದ ಚಳಿ. ಹಾಯಾಗಿ ನಿದ್ದೆ ಬರಬೇಕಾದರೆ ಕಂಫರ್ಟ್ ನೋಡಬೇಕು, ಚಳಿ ಜಾಸ್ತಿ ಆಗುವ ಹೆಂಗಸರಂತೂ ಅದನ್ನೇ ನೋಡಬೇಕು. ಬೆಳಗಿನ ಜಾವ ಐದಕ್ಕೆ ನಮ್ಮ ಥರ್ಮಾಮೀಟರ್ 6 ಡಿಗ್ರಿ ತೋರಿಸುತ್ತಿತ್ತು, ನಾನು ಸ್ವೆಟರ್, ಶಾಲು, ಯಜಮಾನರ ಜಾಕೆಟ್ ಎಲ್ಲಾ ಹಾಕಿಕೊಂಡು ಕೂತಿದ್ದೆ. ಭಾಯಿ ಮನೆಯವರು ಕೊಟ್ಟ ಹತ್ತಿ ರಜಾಯಿಯಿಂದ ಎರಡನೇ ರಾತ್ರಿ ಬಚಾವಾದೆ.

ಹೋಗುವವರಿಗೆ: ಜೋಧಪುರದವರೆಗೆ ವಿಮಾನ, ಅಲ್ಲಿಂದ ಜೈಸಲ್ಮೇರಿಗೆ ರೈಲು, ನಾವು ಹೀಗೆ ಹೋಗಿದ್ದು. ನವೆಂಬರಿನಿಂದ ಫೆಬ್ರವರಿ ಸರಿ. ಬೈನಾಕ್ಯುಲರ್ 8x42 ಸಾಕು, ಹತ್ತು ಗಂಟೆ ಮೇಲೆ ಎಷ್ಟು ದೊಡ್ಡದಿದ್ದರೂ ಬಿಸಿಗಾಳಿಯಲ್ಲಿ ಎಲ್ಲಾ ಕುಣಿಯುತ್ತೆ. ಗೈಡ್ ನಂಬರ್ ಬೇಕಾದವರು ಕೇಳಬೇಡಿ. ಒಂದು ಸಲಕ್ಕೆ ನಾಲ್ಕು ಜನಕ್ಕಿಂತ ಜಾಸ್ತಿ ಕರೆದುಕೊಳ್ಳುವುದಿಲ್ಲ, ಹೀಗೆ ಹಾಕಬೇಡಿ ಅಂತ ಅವರೇ ಹೇಳಿದರು. ಖುರಿ, ಸಮ್ ಕಡೆಯ ಹಳ್ಳಿಗಳಲ್ಲಿ ವಿಚಾರಿಸಿದರೆ ಇಂಥವರು ಬೇರೆಯವರೂ ಸಿಗುತ್ತಾರೆ. ಜೀಪು ದಾರಿ ಬಿಟ್ಟು ಓಡಿಸುತ್ತೀರಾ ಅಂತ ಮೊದಲು ಕೇಳಿ, ಹೌದು ಅಂದರೆ ಬೇರೆಯವರನ್ನು ನೋಡಿ.

ಮತ್ತೆ ಸಾಕ್ಸ್! ಭುರುಟ್ ಅಂತ ಒಂದು ಹುಲ್ಲಿನ ಮುಳ್ಳು ಇದೆ, ನಮ್ಮ ನೆಗ್ಗಿಲ ಮುಳ್ಳು ಅದರ ಮುಂದೆ ಪಾಪ. ಸಾಕ್ಸಿಗೆ, ಪ್ಯಾಂಟಿಗೆ, ಸ್ಲೀಪಿಂಗ್ ಬ್ಯಾಗಿಗೆ ಎಲ್ಲಾ ಅಂಟಿಕೊಂಡಿತು. ಚಿಮಟ ಒಯ್ಯಿರಿ, ಕಣಕಾಲು ಮುಚ್ಚುವ ಗೇಟರ್ ಹಾಕಿಕೊಳ್ಳಿ. ವಾಪಸ್ ಬಂದು ಸಾಮಾನು ಕೊಡಲು ಹೋದಾಗ ಅಂಗಡಿಯವನು ಬ್ಯಾಗಿನೊಳಗೆ ಕೈ ಹಾಕಿ ‘ಅಯ್ಯೋ’ ಅಂದ. ಕ್ಲೀನಿಂಗ್ ಚಾರ್ಜು 300 ಹಿಡಿದುಕೊಂಡ. ಝೀರೋ ಡಿಗ್ರಿ ಲೆಕ್ಕ ತೆಗೆದು ವಾದ ಮಾಡೋಣ ಅಂತ ಹೋಗಿದ್ದವಳು, ಅವನ ಬೆರಳು ನೋಡಿ ಸುಮ್ಮನಾದೆ.