ಚೆನ್ನಾಗಿದ್ದ ದಿನಗಳನ್ನೂ ವಿಚಾರಿಸಿದ ಚಿಕಿತ್ಸಾಲಯ

ಈ ಮನೋವೈದ್ಯಕೀಯ ಚಿಕಿತ್ಸಾಲಯಕ್ಕೆ ನಾನು ರೋಗಿಯಾಗಿ ಹೋಗತೊಡಗಿ ಎರಡು ವರ್ಷ ಮೂರು ತಿಂಗಳಾಯಿತು. ಮೆಚ್ಚುಗೆಯ ಜೊತೆಗೆ ಕೆಲವು ದೂರುಗಳೂ ಇರುವುದರಿಂದ ಅದರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಹೆಸರಿಲ್ಲದ ವಿಮರ್ಶೆಯಿಂದ ಏನು ಪ್ರಯೋಜನ ಎಂದು ಕೇಳಬಹುದು. ಮನಃಸ್ಥಿತಿಯ ಕಾಯಿಲೆಗೆ ಚಿಕಿತ್ಸೆ ಪಡೆಯಲು ಹೊರಟವರು ವೈದ್ಯಕೀಯ ಸೇವೆಯೊಂದನ್ನು ಯಾವುದರಿಂದ ಅಳೆಯಬೇಕು ಎಂಬುದು ನನಗೆ ತಿಳಿಯಲು ಒಟ್ಟು ಎಂಟು ವರ್ಷ ಹಿಡಿಯಿತು. ಆ ತಿಳಿವಳಿಕೆಯಷ್ಟಾದರೂ ಬೇರೆಯವರಿಗೆ ಬೇಗ ಸಿಗಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಸುಮಾರು ಆರು ವರ್ಷ ನಾನು ಬೇರೊಂದು ಕಡೆ ಖಿನ್ನತೆಗೆ ಚಿಕಿತ್ಸೆ ಪಡೆದಿದ್ದೆ. ಅಲ್ಲಿ ಪ್ರತಿ ಭೇಟಿಯೂ ಹತ್ತು ನಿಮಿಷದೊಳಗೆ ಮುಗಿಯುತ್ತಿತ್ತು. ಹೊರಗೆ ಕುಳಿತಿರುವಾಗಲೇ ಒಂಬತ್ತು ಪ್ರಶ್ನೆಗಳ ಒಂದು ಹಾಳೆಯನ್ನು ತುಂಬಿಸಿಕೊಳ್ಳುತ್ತಿದ್ದರು. ಕಳೆದ ಎರಡು ವಾರಗಳಲ್ಲಿ ನಿದ್ರೆ, ಹಸಿವು, ಆಸಕ್ತಿ, ಏಕಾಗ್ರತೆ ಹೇಗಿದ್ದವು ಎಂಬುದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟು ಕೂಡಿಸಿದರೆ ಹೆಚ್ಚೆಂದರೆ 27 ಬರುತ್ತದೆ. ಖಿನ್ನತೆಯ ತೀವ್ರತೆಯನ್ನು ಅಳೆಯಲು ಅದು ಒಳ್ಳೆಯ ಸಾಧನವೇ. ಆದರೆ ಅದರಲ್ಲಿ ಇಳಿತಕ್ಕೆ ಮಾತ್ರ ಅಳತೆ ಇದೆ, ಏರಿಕೆಗೆ ಇಲ್ಲ. ಎರಡನೆಯ ಬಾರಿ ಖಿನ್ನತೆ ನಿವಾರಕ ಮಾತ್ರೆ ಆರಂಭಿಸಿದ ಮೂರನೆಯ ವಾರದಲ್ಲಿ ನಾನು ದಿನಕ್ಕೆ ಮೂರು ಗಂಟೆ ಮಲಗಿ, ಸ್ವಲ್ಪವೂ ದಣಿವಿಲ್ಲದೆ ಎದ್ದು, ಎದುರಿಗೆ ಸಿಕ್ಕವರೊಡನೆ ಬಿಡುವಿಲ್ಲದೆ ಮಾತನಾಡುತ್ತ, ಒಂದೇ ವಾರದಲ್ಲಿ ಮೂರು ಹೊಸ ಉದ್ಯಮಗಳ ಯೋಜನೆ ಹಾಕಿ, ಅವುಗಳಿಗಾಗಿ ಸಾಲವನ್ನೂ ಮಾಡಿದ್ದೆ. ಆ ದಿನಗಳಲ್ಲಿ ಆ ಹಾಳೆಯನ್ನು ತುಂಬಿದ್ದರೆ ನನಗೆ ಸೊನ್ನೆಯ ಹತ್ತಿರದ ಅಂಕ, ಎಂದರೆ ಪೂರ್ಣ ಆರೋಗ್ಯದ ಪ್ರಮಾಣಪತ್ರವೇ ಸಿಗುತ್ತಿತ್ತು. ವಾಸಿಯಾಯಿತೆಂದು ಭಾವಿಸಿ ನಾನೇ ಮಾತ್ರೆ ಬಿಟ್ಟೆ. ಎರಡು ತಿಂಗಳ ನಂತರ ಮತ್ತೆ ಕುಸಿದು ಅಲ್ಲಿಗೇ ಹೋದಾಗ ನಡುವೆ ಏನಾಯಿತೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಚೆನ್ನಾಗಿದ್ದೇನೆಂದು ದೂರು ಕೊಡಲು ಯಾರು ತಾನೇ ವೈದ್ಯರ ಬಳಿಗೆ ಹೋಗುತ್ತಾರೆ?

ಹೊಸ ಚಿಕಿತ್ಸಾಲಯದ ಮೊದಲ ಭೇಟಿ ಎಪ್ಪತ್ತೈದು ನಿಮಿಷ ನಡೆಯಿತು, ಮತ್ತು ಈ ಸೇವೆಗೆ ನಾನು ಕೊಡುವ ಮೆಚ್ಚುಗೆಯ ಬಹುಪಾಲು ಆ ಎಪ್ಪತ್ತೈದು ನಿಮಿಷಗಳಿಗೇ ಸಲ್ಲಬೇಕು. ಮನೆಯವರೊಬ್ಬರನ್ನು ಕರೆತರಬೇಕೆಂದು ಮೊದಲೇ ತಿಳಿಸಿದ್ದರಿಂದ ಅಕ್ಕ ಜೊತೆಗೆ ಬಂದಿದ್ದಳು. ವೈದ್ಯರು ನನ್ನ ಖಿನ್ನತೆಯ ಕಥೆಯನ್ನು ಪೂರ್ತಿ ಕೇಳಿಸಿಕೊಂಡ ಮೇಲೆ, "ಕಡಿಮೆ ನಿದ್ರೆ ಮಾಡಿಯೂ ದಣಿವೇ ಆಗದ ದಿನಗಳು ನಿಮಗೆ ಎಂದಾದರೂ ಬಂದಿದ್ದವೇ?" ಎಂದು ವಿಚಾರಿಸಿದರು. ನಿದ್ರೆ ಬಾರದಿರುವುದು ಬೇರೆ, ನಿದ್ರೆಯೇ ಬೇಡವೆನಿಸುವುದು ಬೇರೆ. ಈ ಭೇದವನ್ನು ಆರು ವರ್ಷಗಳಲ್ಲಿ ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ. ನಾನು ಯೋಚಿಸುತ್ತಿರುವಷ್ಟರಲ್ಲಿ ಅಕ್ಕ ಉತ್ತರ ಕೊಟ್ಟಳು. ಆ ಸಾಲದ ವಿಷಯವೂ ಅವಳ ಬಾಯಿಂದಲೇ ಬಂತು, ಅದಕ್ಕಿಂತ ನಾಲ್ಕು ವರ್ಷ ಹಿಂದೆ, ಯಾವ ಮಾತ್ರೆಯೂ ಇಲ್ಲದಿದ್ದಾಗ, ಒಂದು ವಾರ ನಾನು ಅದೇ ರೀತಿ ಇದ್ದುದೂ ಬಂತು. ನಂತರ ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೇ, ಮದ್ಯದ ಅಭ್ಯಾಸವಿದೆಯೇ, ಬೇರೆ ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂಬ ಪ್ರಶ್ನೆಗಳು ಬಂದವು. ಥೈರಾಯ್ಡ್‌ ಏರುಪೇರಾದರೂ ಮನಸ್ಸು ಕುಗ್ಗಬಹುದು, ಕೆರಳಬಹುದು ಎಂದು ಹೇಳಿ ರಕ್ತಪರೀಕ್ಷೆಗೆ ಬರೆದರು. ಸಾಯಬೇಕೆಂಬ ಆಲೋಚನೆ ಬಂದಿತ್ತೇ ಎಂದು ಸುತ್ತುಬಳಸದೆ ಕೇಳಿದಾಗ ಅಕ್ಕ ಬೆಚ್ಚಿದಳು. ಕೇಳುವುದರಿಂದ ಆ ಆಲೋಚನೆ ಹುಟ್ಟುವುದಿಲ್ಲ, ಇದ್ದವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ ಎಂದು ಅವರು ಅವಳಿಗೆ ಸಮಾಧಾನವಾಗಿ ವಿವರಿಸಿದರು.

ರೋಗನಿರ್ಣಯವನ್ನು ಎರಡನೆಯ ಭೇಟಿಯಲ್ಲಿ, ವರದಿಗಳು ಬಂದ ಮೇಲೆಯೇ ಹೇಳಿದರು: ಬೈಪೋಲಾರ್‌, ಎಂದರೆ ಮನಸ್ಸು ಖಿನ್ನತೆಗೂ ಅತಿ ಉತ್ಸಾಹದ ಉನ್ಮಾದಕ್ಕೂ ನಡುವೆ ತೂಗುವ ಕಾಯಿಲೆ, ಅದರಲ್ಲಿ ಎರಡನೆಯ ವಿಧ. ಅದನ್ನು ಅವರು ಒಂದು ಹಾಳೆಯ ಮೇಲೆ ಗೆರೆ ಎಳೆದು ವಿವರಿಸಿದರು. ಗೆರೆಯ ಕೆಳಗೆ ಖಿನ್ನತೆ. ಮೇಲೆ, ಕನಿಷ್ಠ ನಾಲ್ಕು ದಿನ ಇರುವ ಲಘು ಉನ್ಮಾದ. ಅದಕ್ಕೂ ಮೇಲೆ, ಒಂದು ವಾರವಾದರೂ ಮುಂದುವರಿಯುವ ಅಥವಾ ಆಸ್ಪತ್ರೆಗೆ ಸೇರಿಸಲೇಬೇಕಾಗುವ ಪೂರ್ಣ ಉನ್ಮಾದ. ನಾನು ಆ ಮೂರನೆಯ ಮಟ್ಟವನ್ನು ಮುಟ್ಟಿರಲಿಲ್ಲ. ಖಿನ್ನತೆಯಲ್ಲಿರುವಾಗ ಮಾತ್ರ ನೋಡಿದರೆ ಸಾಮಾನ್ಯ ಖಿನ್ನತೆಯನ್ನೂ ಇದನ್ನೂ ಬೇರ್ಪಡಿಸುವುದು ತಜ್ಞರಿಗೂ ಕಷ್ಟ ಎಂದು ಹೇಳುವ ಮೂಲಕ ಅವರು ಹಿಂದಿನ ವೈದ್ಯರ ಬಗ್ಗೆ ನನಗಿದ್ದ ಸಿಟ್ಟನ್ನು ಅರ್ಧದಷ್ಟು ಇಳಿಸಿದರು. ಇನ್ನರ್ಧ ಹಾಗೆಯೇ ಉಳಿದಿದೆ.

ಚಿಕಿತ್ಸೆಗೆ ಲಿಥಿಯಂ ಸೂಚಿಸಿದಾಗ ನನಗೆ ಭಯವಾಗಿತ್ತು. ಉನ್ಮಾದದಲ್ಲಿ ಅದರ ಪರಿಣಾಮವನ್ನು ಆಸ್ಟ್ರೇಲಿಯಾದ ಮನೋವೈದ್ಯ ಜಾನ್‌ ಕೇಡ್‌ 1949ರಲ್ಲಿ ಪ್ರಕಟಿಸಿದರೆಂದೂ, ಇಷ್ಟು ವರ್ಷಗಳ ನಂತರವೂ ಕಾಯಿಲೆ ಮರುಕಳಿಸದಂತೆ ತಡೆಯುವುದರಲ್ಲಿ ಅದು ಮುಂಚೂಣಿಯಲ್ಲೇ ಇದೆಯೆಂದೂ, ಆತ್ಮಹತ್ಯೆಯ ಅಪಾಯವನ್ನು ಕಡಿಮೆ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರಗಳಿರುವ ಕೆಲವೇ ಔಷಧಗಳಲ್ಲಿ ಅದೂ ಒಂದೆಂದೂ ತಿಳಿಸಿದರು. ಅದರ ತೊಡಕನ್ನೂ ಮುಚ್ಚಿಡಲಿಲ್ಲ: ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ನನ್ನ ಮಟ್ಟಿಗೆ ರಕ್ತದಲ್ಲಿ ಅದು ಲೀಟರಿಗೆ 0.6ರಿಂದ 0.8 ಮಿಲಿಮೋಲ್‌ ಇರಬೇಕೆಂದು ಗೊತ್ತುಮಾಡಿದರು.

ಈ ಚಿಕಿತ್ಸಾಲಯದ ನಿಜವಾದ ಶಿಸ್ತು ಕಾಣುವುದು ಈ ಮೇಲ್ವಿಚಾರಣೆಯಲ್ಲಿ. ಕೊನೆಯ ಮಾತ್ರೆ ತೆಗೆದುಕೊಂಡ ಹನ್ನೆರಡು ಗಂಟೆಗಳ ನಂತರವೇ ರಕ್ತ ಕೊಡಬೇಕು, ಇಲ್ಲದಿದ್ದರೆ ಅಂಕಿಗೆ ಅರ್ಥವಿಲ್ಲ. ಒಮ್ಮೆ ನಾನು ಮಾತ್ರೆ ನುಂಗಿಯೇ ಹೋಗಿದ್ದಾಗ ದಾದಿ ರಕ್ತ ತೆಗೆಯಲು ಒಪ್ಪದೆ ಮರುದಿನಕ್ಕೆ ಬರಹೇಳಿದರು. ಪ್ರಮಾಣ ಹೊಂದುವವರೆಗೆ ವಾರಕ್ಕೊಮ್ಮೆ, ಮೊದಲ ವರ್ಷವಿಡೀ ಮೂರು ತಿಂಗಳಿಗೊಮ್ಮೆ ಪರೀಕ್ಷೆ, ಆರು ತಿಂಗಳಿಗೊಮ್ಮೆ ಮೂತ್ರಪಿಂಡ, ಥೈರಾಯ್ಡ್‌, ಕ್ಯಾಲ್ಸಿಯಂ ತಪಾಸಣೆ. ದಿನಾಂಕ ತಪ್ಪಿದರೆ ಅವರೇ ಕರೆ ಮಾಡುತ್ತಾರೆ. ಜೇಬಿನಲ್ಲಿಟ್ಟುಕೊಳ್ಳಲು ಒಂದು ಚೀಟಿಯನ್ನೂ ಕೊಟ್ಟಿದ್ದಾರೆ. ವಾಂತಿ ಭೇದಿಯಾಗಿ ನೀರಿನಂಶ ಕಡಿಮೆಯಾದರೆ, ಊಟದಲ್ಲಿ ಉಪ್ಪನ್ನು ಇದ್ದಕ್ಕಿದ್ದಂತೆ ಬಿಟ್ಟರೆ ಅಥವಾ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದರೆ ರಕ್ತದಲ್ಲಿ ಲಿಥಿಯಂ ಏರಬಹುದು ಎಂಬ ಎಚ್ಚರಿಕೆ ಅದರಲ್ಲಿದೆ. ಆದರೆ ಬಾಯಾರಿಕೆ ಹೆಚ್ಚುತ್ತದೆ ಎಂದು ಹೇಳಿದವರು ಕೈ ಸಣ್ಣಗೆ ನಡುಗಬಹುದು ಎಂಬುದನ್ನು ಮರೆತಿದ್ದರು. ಸಹಿ ಮಾಡುವಾಗ ಅಕ್ಷರ ಅಲುಗುವುದನ್ನು ಕಂಡು ನಾನು ಎರಡು ವಾರ ಇನ್ನೇನೋ ಕಾಯಿಲೆ ಬಂದಿತೆಂದು ನಡುಗಿದ್ದೇ ಹೆಚ್ಚು.

ಮಾತ್ರೆಯಷ್ಟೇ ಮುಖ್ಯವಾದದ್ದು ಮನಶ್ಶಾಸ್ತ್ರಜ್ಞೆಯೊಬ್ಬರ ಜೊತೆ ನಡೆದ ಹದಿನಾಲ್ಕು ಭೇಟಿಗಳು. ಅವು ಆರಂಭವಾಗಲು ಎರಡೂವರೆ ತಿಂಗಳು ಕಾಯಬೇಕಾಯಿತು ಎಂಬುದು ಈ ಸೇವೆಯ ದೊಡ್ಡ ಕೊರತೆ. ಅವರು ನನಗೆ ಕಲಿಸಿದ್ದು ದಿನದಿನದ ಮನಃಸ್ಥಿತಿಯ ನಕ್ಷೆ ಬರೆಯುವುದನ್ನು: ನಡುವೆ ಸೊನ್ನೆ, ಕೆಳಗೆ ಮೂರು ಮೆಟ್ಟಿಲು, ಮೇಲೆ ಮೂರು, ಪಕ್ಕದಲ್ಲಿ ಮಲಗಿದ ಮತ್ತು ಎದ್ದ ವೇಳೆ. ಐದು ತಿಂಗಳ ಹಾಳೆಗಳನ್ನು ಒಟ್ಟಿಗೆ ಹರಡಿ ನೋಡಿದಾಗ, ಪ್ರತಿ ಏರಿಕೆಗೂ ಎರಡು ದಿನ ಮೊದಲು ನನ್ನ ನಿದ್ರೆ ಒಂದೂವರೆ ಗಂಟೆಯಷ್ಟು ಕಡಿಮೆಯಾಗಿರುವುದು ಕಾಣಿಸಿತು. ಈಗ ನಿದ್ರೆ ಎರಡು ರಾತ್ರಿ ಸತತವಾಗಿ ಕುಗ್ಗಿದರೆ ಚಿಕಿತ್ಸಾಲಯಕ್ಕೆ ಕರೆ ಮಾಡಬೇಕೆಂಬುದು ನಮ್ಮೊಳಗಿನ ಒಪ್ಪಂದ. ಅಕ್ಕನ ಬಳಿಯೂ ಅದರ ಪ್ರತಿ ಇದೆ.

ಉಳಿದ ದೂರುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾಯುವ ಕೊಠಡಿಯಲ್ಲಿ ರೋಗಿಗಳನ್ನು ಹೆಸರು ಹಿಡಿದು ಗಟ್ಟಿಯಾಗಿ ಕೂಗುತ್ತಾರೆ. ಸಂಖ್ಯೆ ಕೊಟ್ಟರೆ ಸಾಕಾಗಿತ್ತು. ರಾತ್ರಿ ಹೊತ್ತಿನ ತುರ್ತಿಗೆ ವ್ಯವಸ್ಥೆ ಇಲ್ಲ, ದೊಡ್ಡ ಆಸ್ಪತ್ರೆಗೆ ಹೋಗಬೇಕೆಂಬ ಸೂಚನೆಯಷ್ಟೇ ಇದೆ. ನಮ್ಮ ವೈದ್ಯರು ರಜೆಯಲ್ಲಿದ್ದ ವಾರ ಬದಲಿಗೆ ಬಂದವರು ನನ್ನ ಕಡತವನ್ನು ತೆರೆಯದೆ, ಲಿಥಿಯಂ ನಿಲ್ಲಿಸಿ ಹಳೆಯ ಖಿನ್ನತೆ ನಿವಾರಕವನ್ನೇ ಬರೆಯಲು ಹೊರಟಿದ್ದರು. ಬೈಪೋಲಾರ್‌ ಇರುವವರಿಗೆ ಅದನ್ನೊಂದನ್ನೇ ಕೊಟ್ಟರೆ ಉನ್ಮಾದದತ್ತ ತಳ್ಳುವ ಅಪಾಯವಿದೆ ಎಂಬುದನ್ನು ಆ ದಿನ ರೋಗಿಯೇ ವೈದ್ಯರಿಗೆ ನೆನಪಿಸಬೇಕಾಯಿತು. ಲಿಖಿತವಾಗಿ ದೂರು ಕೊಟ್ಟಾಗ ಕ್ಷಮೆ ಕೇಳಿದರು, ಕಡತದ ಮುಖಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದರು.

ಒಂದೇ ಭೇಟಿಯಲ್ಲಿ ಔಷಧ ಬೇಕೆನ್ನುವವರಿಗೆ ಈ ಜಾಗ ನಿಧಾನವೆನಿಸಬಹುದು. ಹೋಗುವವರು ಹಳೆಯ ಚೀಟಿಗಳನ್ನೆಲ್ಲ, ಬಿಟ್ಟುಬಿಟ್ಟ ಮಾತ್ರೆಗಳ ಹೆಸರನ್ನೂ ಸೇರಿಸಿ, ಮೊದಲ ದಿನವೇ ಒಯ್ಯಿರಿ. ಜೊತೆಗೆ ನಿಮ್ಮನ್ನು ಬಹುಕಾಲದಿಂದ ಬಲ್ಲ, ನಿಮ್ಮೆದುರಿಗೇ ನಿಮ್ಮ ಸಾಲದ ವಿಷಯ ಎತ್ತಲು ಹಿಂಜರಿಯದ ಯಾರನ್ನಾದರೂ ಕರೆದುಕೊಂಡು ಹೋಗಿ.